ತೆನಾಲಿಯ ಬೆಕ್ಕಿಗೆ ಹಾಲಿನ ಪಾಠ

ಇಲಿಗಳ ಕಾಟ ಹೆಚ್ಚಾದಾಗ ಕೃಷ್ಣದೇವರಾಯ ಮನೆಮನೆಗೂ ಒಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಡಿಸಿದ ಕಥೆಯನ್ನು ಕೇಳದ ಕನ್ನಡದ ಮಕ್ಕಳು ಕಡಿಮೆ. ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿನ ಮುಂದೆ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲು ಕಂಡರೆ ಓಟ ಕೀಳುತ್ತಿತ್ತು. ಹಾಲು ಕುಡಿಯದ ಬೆಕ್ಕೂ ಉಂಟೇ ಎಂದು ಆಸ್ಥಾನದವರು ಬೆರಗಾದರು. ಅರಸ ಮಾತ್ರ ಬೆಕ್ಕಿನ ಬಾಯಿ ತೆರೆಸಿ ನೋಡಿದ. ಸುಟ್ಟ ಗುರುತು ಅಲ್ಲಿತ್ತು.

ಲಸಿಕೆ ಬೇಡವೆನ್ನುವ, ತಜ್ಞರ ಮಾತಿಗೆ ಅನುಮಾನದಿಂದ ತಲೆಯಾಡಿಸುವ ಜನರ ಬಗ್ಗೆ ಇಂದು ನಡೆಯುವ ಚರ್ಚೆಯಲ್ಲಿ ಆಸ್ಥಾನದವರೇ ತುಂಬಿಕೊಂಡಿದ್ದಾರೆ. ಟಿವಿಯಲ್ಲಾಗಲಿ, ಅಂಕಣಗಳಲ್ಲಾಗಲಿ, ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಾಗಲಿ ಸಿಗುವ ವಿವರಣೆ ಒಂದೇ: ಜನ ಓದಿಲ್ಲ, ಮೌಢ್ಯ ಬಿಟ್ಟಿಲ್ಲ, ಫಾರ್ವರ್ಡ್ ಆಗಿ ಬಂದದ್ದನ್ನೆಲ್ಲ ನಂಬುತ್ತಾರೆ. ಸೂಚಿಸುವ ಮದ್ದೂ ಒಂದೇ: ಜಾಗೃತಿ ಮೂಡಿಸಬೇಕು. ಎಂದರೆ ಇನ್ನೊಂದು ಪೋಸ್ಟರ್, ಇನ್ನೊಂದು ಜಾಥಾ, ಇನ್ನೊಬ್ಬ ಸಿನಿಮಾ ನಟನ ಸಂದೇಶ. ಬೆಕ್ಕಿಗೆ ಹಾಲಿನ ಪೌಷ್ಟಿಕಾಂಶದ ಬಗ್ಗೆ ಉಪನ್ಯಾಸ.

ಈ ವಿವರಣೆ ಹೇಳುವವರಿಗೆ ಬಹಳ ಅನುಕೂಲದ್ದು. ಇದರಲ್ಲಿ ತಪ್ಪೆಲ್ಲ ಕೇಳುವವನದು. ಹೇಳುವವನು ಕುಳಿತ ಕುರ್ಚಿಯಿಂದ ಏಳಬೇಕಾಗಿಲ್ಲ, ತನ್ನ ಹಳೆಯ ಕಡತ ತೆರೆಯಬೇಕಾಗಿಲ್ಲ. ಆದರೆ ಆ ಕಡತಗಳನ್ನು ತೆರೆದರೆ ಕಾಣುವುದು ಬೇರೆಯದೇ ಕಥೆ. ಜನರ ಅನುಮಾನದ ದೊಡ್ಡ ಪಾಲು ಹುಟ್ಟಿದ್ದು ವಿಜ್ಞಾನದ ಹೆಸರು ಹಿಡಿದು ಬಂದವರು ತಮ್ಮೊಡನೆ ನಡೆದುಕೊಂಡ ರೀತಿಯಿಂದ. ಇದಕ್ಕೆ ಎಚ್‌ಪಿವಿ ಲಸಿಕೆಯ ಕಥೆಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಏಕೆಂದರೆ ಆ ಕಥೆಯಲ್ಲಿ ತಜ್ಞರು ಲಸಿಕೆಯ ಬಗ್ಗೆ ಹೇಳಿದ್ದು ನಿಜವೇ ಆಗಿತ್ತು.

ಮೊದಲು ಆ ನಿಜವನ್ನು ಹೇಳಿಬಿಡಬೇಕು. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್. ಈ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ವೈರಸ್ ದೇಹಕ್ಕೆ ಸೇರುವ ಮೊದಲೇ, ಅಂದರೆ ಹುಡುಗಿಯರ ಎಳೆಯ ವಯಸ್ಸಿನಲ್ಲೇ ಲಸಿಕೆ ಕೊಟ್ಟರೆ ಮುಂದೆ ಬರಬಹುದಾದ ಕ್ಯಾನ್ಸರನ್ನು ಬಹುಮಟ್ಟಿಗೆ ತಡೆಯಬಹುದು. ಸ್ವೀಡನ್ನಿನಲ್ಲಿ 17 ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ. 88ರಷ್ಟು ಕಡಿಮೆಯಾಗಿದ್ದನ್ನು 2020ರ ಅಧ್ಯಯನ ತೋರಿಸಿತು. ಇಂಗ್ಲೆಂಡಿನಲ್ಲಿ 12–13ರ ವಯಸ್ಸಿನಲ್ಲಿ ಪಡೆದವರಲ್ಲಿ ಇಳಿಕೆ ಶೇ. 87 ಎಂದು 2021ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಈ ರೋಗಕ್ಕೆ ವರ್ಷಕ್ಕೆ 70,000ಕ್ಕೂ ಹೆಚ್ಚು ಮಹಿಳೆಯರು ಬಲಿಯಾಗುತ್ತಾರೆ. ಇಂಥ ಲಸಿಕೆ ಬೇಗ ಬರಬೇಕಾಗಿದ್ದ ದೇಶ ಯಾವುದಾದರೂ ಇದ್ದರೆ ಅದು ಇದೇ.

ಬಂತು ಕೂಡ. 2009ರ ಜುಲೈನಲ್ಲಿ ಅಮೆರಿಕ ಮೂಲದ ಪಾತ್ ಎಂಬ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಜ್ಯ ಸರ್ಕಾರ ಸೇರಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕಲು ಆರಂಭಿಸಿದವು. ಗುಜರಾತಿನ ವಡೋದರಾ ಜಿಲ್ಲೆಯಲ್ಲೂ ಅದೇ ಯೋಜನೆ ನಡೆಯಿತು. ಎರಡೂ ಕಡೆ ಸೇರಿ 20,000ಕ್ಕೂ ಹೆಚ್ಚು ಹುಡುಗಿಯರು ಲಸಿಕೆ ಪಡೆದರು. ಖಮ್ಮಂನಲ್ಲಿ ಆಯ್ಕೆಯಾದ ಪ್ರದೇಶಗಳಲ್ಲಿ ಭದ್ರಾಚಲಂ ಒಂದು. ಹೈದರಾಬಾದಿನ ಕನ್ನಡಿಗರು ರಾಮನ ದರ್ಶನಕ್ಕೆ ಹೋಗಿಬರುವ ಅದೇ ಭದ್ರಾಚಲಂ. ಸುತ್ತಲಿನ ಆದಿವಾಸಿ ಹಾಡಿಗಳ ಹುಡುಗಿಯರು ಅಲ್ಲಿನ ಆಶ್ರಮಶಾಲೆಗಳಲ್ಲಿ, ಸರ್ಕಾರಿ ಹಾಸ್ಟೆಲುಗಳಲ್ಲಿ ಇದ್ದು ಓದುತ್ತಿದ್ದರು. ಅಪ್ಪ ಅಮ್ಮ ದೂರದ ಊರುಗಳಲ್ಲಿದ್ದರು.

ಚಿಕ್ಕ ಮಕ್ಕಳ ಮೇಲೆ ಯಾವುದೇ ವೈದ್ಯಕೀಯ ಅಧ್ಯಯನ ನಡೆಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಅವರಿಗೆ ವಿಷಯ ತಿಳಿಸಬೇಕು, ಅವರು ಪ್ರಶ್ನೆ ಕೇಳಬೇಕು, ಬೇಡವೆನ್ನುವ ಹಕ್ಕು ಅವರಿಗಿರಬೇಕು. ಖಮ್ಮಂನಲ್ಲಿ ನಡೆದದ್ದೇನು? ಆಂಧ್ರದ 9,543 ಒಪ್ಪಿಗೆ ಪತ್ರಗಳ ಪೈಕಿ 2,763 ಪತ್ರಗಳಿಗೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಇನ್ನು 1,948 ಪತ್ರಗಳ ಮೇಲೆ ಇದ್ದದ್ದು ಹೆಬ್ಬೆಟ್ಟು. ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕುರಿತ ಸಂಸತ್ತಿನ ಸ್ಥಾಯಿ ಸಮಿತಿ 2013ರ ಆಗಸ್ಟಿನಲ್ಲಿ ಮಂಡಿಸಿದ ತನ್ನ 72ನೇ ವರದಿಯಲ್ಲಿ ಈ ಲೆಕ್ಕ ಕೊಟ್ಟು, ನಡೆದದ್ದು ಹುಡುಗಿಯರ ಮಾನವ ಹಕ್ಕುಗಳ ಉಲ್ಲಂಘನೆ ಎಂದು ಬರೆಯಿತು. ಇದು ಔಷಧ ಪ್ರಯೋಗವಲ್ಲ, ಈಗಾಗಲೇ ಅನುಮತಿ ಪಡೆದ ಲಸಿಕೆಯನ್ನು ಜನರಿಗೆ ತಲುಪಿಸುವ ಬಗೆಯನ್ನು ಪರಿಶೀಲಿಸುವ ಯೋಜನೆ ಮಾತ್ರ ಎಂದು ಪಾತ್ ವಾದಿಸಿತು. ಸಮಿತಿ ಒಪ್ಪಲಿಲ್ಲ. ವಾದ ಏನೇ ಇರಲಿ, ಹೆಸರು ಬದಲಾದ ಮಾತ್ರಕ್ಕೆ ವಾರ್ಡನ್ ತಾಯಿಯಾಗುವುದಿಲ್ಲ.

ಈ ನಡುವೆ ಲಸಿಕೆ ಪಡೆದ ಹುಡುಗಿಯರಲ್ಲಿ ಏಳು ಮಂದಿ ತೀರಿಕೊಂಡಿದ್ದರು. ಆಂಧ್ರದಲ್ಲಿ ಐವರು, ಗುಜರಾತಿನಲ್ಲಿ ಇಬ್ಬರು. ಹಾವು ಕಚ್ಚಿದ್ದು, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಕುಡಿದದ್ದು, ಮಲೇರಿಯಾ ಇಂಥ ಕಾರಣಗಳು ದಾಖಲಾದವು. ಸಾವಿಗೂ ಲಸಿಕೆಗೂ ನಂಟಿಲ್ಲ ಎಂದು ತನಿಖೆ ಹೇಳಿತು. ಬೇರೆ ದೇಶಗಳಲ್ಲಿ ಕೋಟ್ಯಂತರ ಹುಡುಗಿಯರಿಗೆ ಲಸಿಕೆ ಕೊಟ್ಟ ಅನುಭವವನ್ನು ಇಟ್ಟುಕೊಂಡು ನೋಡಿದರೆ ಆ ಮಾತನ್ನು ಅಲ್ಲಗಳೆಯಲು ಆಧಾರವಿಲ್ಲ. ಆದರೆ ಮಗಳಿಗೆ ಸೂಜಿ ಚುಚ್ಚುವ ಮೊದಲು ತನ್ನನ್ನು ಕೇಳದೇ ಇದ್ದವರು, ಮಗಳು ಸತ್ತ ಮೇಲೆ ಬಂದು ಸೂಜಿಗೂ ಸಾವಿಗೂ ಸಂಬಂಧವಿಲ್ಲ ಎಂದರೆ ಯಾವ ತಾಯಿ ನಂಬುತ್ತಾಳೆ? ಏಕೆ ನಂಬಬೇಕು? ಆ ತಾಯಿಯ ಅನುಮಾನವನ್ನು ಮೌಢ್ಯ ಎನ್ನುವವರು ಅವಳ ಜಾಗದಲ್ಲಿ ತಮ್ಮನ್ನು ನಿಲ್ಲಿಸಿಕೊಂಡು ನೋಡಲಿ. ಮುಂಬೈಯ ಅಥವಾ ಪುಣೆಯ ಒಳ್ಳೆಯ ಶಾಲೆಯೊಂದರಲ್ಲಿ ಹೆತ್ತವರಿಗೆ ತಿಳಿಸದೆ ಐದನೇ ತರಗತಿಯ ಹುಡುಗಿಯರಿಗೆಲ್ಲ ಕ್ಲಾಸ್ ಟೀಚರ್ ಸಹಿಯ ಮೇಲೆ ಚುಚ್ಚುಮದ್ದು ಕೊಟ್ಟಿದ್ದರೆ ಮಾರನೆಯ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಏನಾಗುತ್ತಿತ್ತು ಎಂದು ಊಹಿಸಲು ಕಷ್ಟವಿಲ್ಲ. ಆಗ ಅದನ್ನು ಯಾರೂ ಮೌಢ್ಯ ಎನ್ನುತ್ತಿರಲಿಲ್ಲ. ಪೋಷಕರ ಹಕ್ಕು ಎನ್ನುತ್ತಿದ್ದರು.

2010ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ಅದೇ ವರ್ಷ ಪಕ್ಕದ ಭೂತಾನ್ ತನ್ನ ಹುಡುಗಿಯರಿಗೆಲ್ಲ ಈ ಲಸಿಕೆ ಕೊಡಲು ಆರಂಭಿಸಿತು. ಮರುವರ್ಷ ರುವಾಂಡಾ ಆರಂಭಿಸಿತು. ಭಾರತದಲ್ಲಿ ಕಡತ ಮೂಲೆ ಸೇರಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ರಾಷ್ಟ್ರೀಯ ತಾಂತ್ರಿಕ ಸಲಹಾ ಗುಂಪು 2017ರಲ್ಲಿ ಲಸಿಕೆ ಸೇರಿಸಿ ಎಂದು ಶಿಫಾರಸು ಮಾಡಿದರೂ ವಿರೋಧ ಎದ್ದು ವಿಷಯ ಅಲ್ಲೇ ನಿಂತಿತು. 2022ರಲ್ಲಿ ಮತ್ತೆ ಶಿಫಾರಸು ಬಂತು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ ಅನುಮತಿಯೂ ಸಿಕ್ಕಿತು. 9ರಿಂದ 14 ವರ್ಷದ ಹುಡುಗಿಯರ ಲಸಿಕೆಯನ್ನು ಸರ್ಕಾರ ಪ್ರೋತ್ಸಾಹಿಸುವುದು ಎಂಬ ಮಾತು ಕೇಂದ್ರ ಬಜೆಟ್ ಭಾಷಣದಲ್ಲಿ ಕೇಳಿಬಂದದ್ದು 2024ರ ಫೆಬ್ರುವರಿಯಲ್ಲಿ. 2010ರಲ್ಲಿ ಹನ್ನೆರಡು ವರ್ಷದವಳಾಗಿದ್ದ ಹುಡುಗಿಗೆ ಆಗ ಇಪ್ಪತ್ತಾರು. ಈ ಕ್ಯಾನ್ಸರ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ನಡುವಯಸ್ಸಿನಲ್ಲಿ. ಕಳೆದುಹೋದ ಆ ವರ್ಷಗಳ ಲೆಕ್ಕ ಆಸ್ಪತ್ರೆಗಳಿಗೆ ಬರಲು ಇನ್ನೂ ಕಾಲವಿದೆ.

ಈ ನಷ್ಟಕ್ಕೆ ಹೊಣೆ ಯಾರು? ಲಸಿಕೆ ಕೊಲ್ಲುತ್ತದೆ ಎಂದು ಊರೆಲ್ಲ ಸಾರಿದವರ ಪಾಲು ಇದೆ. ಒಪ್ಪಿಗೆ ಪಡೆಯದ ತಪ್ಪನ್ನು ಲಸಿಕೆಯ ತಪ್ಪೆಂದು ತಿರುಚಿದವರು ಹುಡುಗಿಯರಿಗೆ ದ್ರೋಹ ಮಾಡಿದರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಣಗಿದ ಹುಲ್ಲಿಲ್ಲದೆ ಕಿಡಿ ಹೊತ್ತುವುದಿಲ್ಲ. ಆ ಹುಲ್ಲನ್ನು ಒಟ್ಟಿದವರು ಒಪ್ಪಿಗೆಯನ್ನು ಕಾಗದದ ಕೆಲಸವೆಂದು ತಿಳಿದ ವಿದ್ಯಾವಂತರು. ವಿಜ್ಞಾನ ಗೊತ್ತಿದ್ದವರೇ ವಿಜ್ಞಾನಕ್ಕೆ ಮಾಡಿದ ಹಾನಿ ಇದು.

ಇದು ಮೊದಲ ಸಲವೇನೂ ಅಲ್ಲ ಎಂಬುದು ಇನ್ನೂ ನೋವಿನ ಸಂಗತಿ. 1976ರಿಂದ 1988ರವರೆಗೆ ಅದೇ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೆಹಲಿಯಲ್ಲಿ ಒಂದು ಅಧ್ಯಯನ ನಡೆದಿತ್ತು. ವಿಷಯವೂ ಇದೇ ಗರ್ಭಕಂಠದ ಕ್ಯಾನ್ಸರ್. ಕ್ಯಾನ್ಸರಿನ ಮುನ್ಸೂಚನೆಯಾದ ಜೀವಕೋಶ ಬದಲಾವಣೆ ಇದ್ದ 1,158 ಮಹಿಳೆಯರಿಗೆ ಚಿಕಿತ್ಸೆ ಕೊಡದೆ, ಎಷ್ಟು ಮಂದಿಯಲ್ಲಿ ಅದು ಮುಂದುವರಿಯುತ್ತದೆ ಎಂದು ಗಮನಿಸುತ್ತ ಹೋದರು. ಅವರಿಂದ ಲಿಖಿತ ಒಪ್ಪಿಗೆ ಪಡೆದಿರಲಿಲ್ಲ. ಕೆಲವರಲ್ಲಿ ಅದು ಕ್ಯಾನ್ಸರಾಗಿ ಬೆಳೆಯಿತು. 1997ರಲ್ಲಿ ವಿಷಯ ಹೊರಬಿದ್ದು ದೊಡ್ಡ ಗಲಾಟೆಯಾಯಿತು. 2000ದಲ್ಲಿ ಮಂಡಳಿ ಸಂಶೋಧನೆಯ ನೈತಿಕ ಮಾರ್ಗಸೂಚಿ ಹೊರತಂದಿತು. ಒಂಬತ್ತೇ ವರ್ಷಗಳಲ್ಲಿ ಅದೇ ಮಂಡಳಿ ಭಾಗಿಯಾಗಿದ್ದ ಯೋಜನೆಯಲ್ಲಿ ವಾರ್ಡನ್‌ಗಳು ಸಹಿ ಹಾಕುತ್ತಿದ್ದರು. ಮಾರ್ಗಸೂಚಿ ಕಪಾಟಿನಲ್ಲಿತ್ತು.

ಖಮ್ಮಂ ಪ್ರಕರಣಕ್ಕೆ ಹೆಚ್ಚು ಜನಕ್ಕೆ ತಿಳಿಯದ ಒಂದು ಮುಗಿತಾಯವೂ ಇದೆ. ಅದೇ ಹೊತ್ತಿಗೆ ಬೇರೆ ಸಂಶೋಧಕರು ಸೊಲ್ಲಾಪುರ ಜಿಲ್ಲೆಯ ಬಾರ್ಶಿ, ತಮಿಳುನಾಡಿನ ಅಂಬಿಳಿಕ್ಕೈ ಮುಂತಾದ ಕಡೆ ಮೂರು ಡೋಸ್ ಬದಲು ಎರಡು ಸಾಕೇ ಎಂಬ ಪ್ರತ್ಯೇಕ ಅಧ್ಯಯನ ನಡೆಸುತ್ತಿದ್ದರು. 2010ರ ತಡೆ ಅದಕ್ಕೂ ತಟ್ಟಿತು. ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕು ಉಳಿದದ್ದು ನಿಂತುಹೋಯಿತು. ಸಂಶೋಧಕರು ಬಿಟ್ಟುಹೋಗಲಿಲ್ಲ. ಹತ್ತು ವರ್ಷ ಆ ಹುಡುಗಿಯರ ಆರೋಗ್ಯವನ್ನು ಗಮನಿಸುತ್ತ ಬಂದರು. ಒಂದೇ ಡೋಸ್ ಕೂಡ ಅಪಾಯಕಾರಿ ವೈರಸ್ ಬಗೆಗಳ ದೀರ್ಘಕಾಲದ ಸೋಂಕನ್ನು ಶೇ. 95ರಷ್ಟು ತಡೆಯುತ್ತದೆ ಎಂಬ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ಡೋಸ್ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದಾಗ ಅದರ ಹಿಂದಿದ್ದ ಆಧಾರಗಳಲ್ಲಿ ಇದೂ ಒಂದು. ಬಡ ದೇಶಗಳ ಹುಡುಗಿಯರಿಗೆ ಲಸಿಕೆ ಇಂದು ಅಗ್ಗವಾಗಿ ಸುಲಭವಾಗಿ ಸಿಗುವುದರಲ್ಲಿ ಬಾರ್ಶಿ ಸುತ್ತಲಿನ ಹಳ್ಳಿ ಹುಡುಗಿಯರ ಪಾಲಿದೆ. ಅವರ ಮನೆಯವರು ಹತ್ತು ವರ್ಷ ಬಾಗಿಲು ತೆರೆದು, ಪರೀಕ್ಷೆಗೆ ಒಪ್ಪಿ, ಸಹಕರಿಸಿದರು. ಹಳ್ಳಿಯವರು ವಿಜ್ಞಾನವಿರೋಧಿಗಳು ಎನ್ನುವವರು ಈ ಸಂಗತಿಯನ್ನು ಎಲ್ಲಿಡುತ್ತಾರೆ?

ಅನುಮಾನ ಓದದವರ ಕಾಯಿಲೆ ಎಂಬ ಮಾತಿಗೆ ಕೋವಿಡ್ ಕಾಲವೂ ಉತ್ತರ ಕೊಟ್ಟಿದೆ. 2020ರ ಜುಲೈ 2ರಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರು ಆಸ್ಪತ್ರೆಗಳಿಗೆ ಪತ್ರ ಬರೆದು, ಹೈದರಾಬಾದಿನಲ್ಲಿ ತಯಾರಾಗುತ್ತಿದ್ದ ಕೊವ್ಯಾಕ್ಸಿನ್ ಲಸಿಕೆಯನ್ನು ಆಗಸ್ಟ್ 15ರೊಳಗೆ ಜನರ ಬಳಕೆಗೆ ತರುವ ಗುರಿ ತಿಳಿಸಿದರು. ಮನುಷ್ಯರ ಮೇಲಿನ ಪ್ರಯೋಗ ಆಗಿನ್ನೂ ಶುರುವಾಗಿರಲಿಲ್ಲ. ಪ್ರಯೋಗ ಮುಗಿಯುವುದು ಯಾವಾಗ ಎಂಬುದನ್ನು ಸ್ವಾತಂತ್ರ್ಯ ದಿನಾಚರಣೆ ನಿರ್ಧರಿಸಲಾಗದು ಎಂದು ವಿಜ್ಞಾನಿಗಳೇ ಪ್ರತಿಭಟಿಸಿದರು. 2021ರ ಜನವರಿ 3ರಂದು ಮೂರನೇ ಹಂತದ ಪರಿಣಾಮಕಾರಿತ್ವದ ಅಂಕಿಅಂಶ ಬರುವ ಮೊದಲೇ, ‘ಪ್ರಯೋಗದ ರೀತಿಯಲ್ಲಿ’ ಬಳಸಬೇಕೆಂಬ ವಿಚಿತ್ರ ಷರತ್ತಿನೊಂದಿಗೆ ಅದಕ್ಕೆ ಅನುಮತಿ ಸಿಕ್ಕಿತು. ಲಸಿಕೆ ಅಭಿಯಾನ ಆರಂಭವಾದ ದಿನವೇ ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರ ಕಿರಿಯ ವೈದ್ಯರು ತಮಗೆ ಕೊವ್ಯಾಕ್ಸಿನ್ ಬದಲು ಕೋವಿಶೀಲ್ಡ್ ಕೊಡಿ ಎಂದು ಪತ್ರ ಬರೆದರು. ಅವರು ಎಂಬಿಬಿಎಸ್ ಓದಿದವರು. ಜಾಗೃತಿ ಶಿಬಿರ ನಡೆಸಿ ಅವರಿಗೆ ಏನು ಕಲಿಸುವುದಿತ್ತು? ಅವರು ಕೇಳಿದ್ದು ಪುರಾವೆ. ವಿಜ್ಞಾನ ಕಲಿಸುವುದೂ ಅದನ್ನೇ ಕೇಳು ಎಂದು.

ಆ ವರ್ಷದ ಮಧ್ಯದಲ್ಲಿ ಬಂದ ಫಲಿತಾಂಶದಲ್ಲಿ ಕೊವ್ಯಾಕ್ಸಿನ್ ಶೇ. 77.8ರಷ್ಟು ಪರಿಣಾಮಕಾರಿ ಎಂದು ಕಂಡುಬಂತು. ಮತ್ತೆ ಅದೇ ಕಥೆ: ಹಾಲು ಒಳ್ಳೆಯದೇ ಇತ್ತು, ಆರುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಕೆಲವು ತಿಂಗಳ ಆತುರ ಉಳಿಸಿದ್ದೇನು? ಲಸಿಕೆಯ ಪ್ರಶ್ನೆ ದೇಶಭಕ್ತಿಯ ಪ್ರಶ್ನೆಯಾಯಿತು. ಅಂಕಿಅಂಶ ಕೇಳಿದವರು ದೇಶದ ವಿಜ್ಞಾನಿಗಳನ್ನು ಅವಮಾನಿಸುವವರಾದರು. ಪ್ರಶ್ನೆಗೆ ಉತ್ತರದ ಬದಲು ಬೈಗುಳ ಸಿಕ್ಕಾಗ ಪ್ರಶ್ನೆ ಸಾಯುವುದಿಲ್ಲ. ಉತ್ತರ ಸಿಗುವ ಬೇರೆ ಜಾಗ ಹುಡುಕಿಕೊಂಡು ಹೋಗುತ್ತದೆ. ಆ ಬೇರೆ ಜಾಗದಲ್ಲಿ ಗೋಮೂತ್ರ ಮಾರುವವನೂ, ಎಲ್ಲ ಲಸಿಕೆಯೂ ವಿಷ ಎನ್ನುವವನೂ ಅಂಗಡಿ ತೆರೆದು ಕುಳಿತಿರುತ್ತಾರೆ. ಅವರ ಗಿರಾಕಿಗಳನ್ನು ಕಳಿಸಿಕೊಟ್ಟವರು ಯಾರು ಎಂಬುದನ್ನೂ ಕೇಳಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಕೋಟ್ಯಂತರ ಜನರಿರುವ ದೇಶದಲ್ಲಿ ಪ್ರತಿಯೊಬ್ಬರಿಗೂ ವಿವರಿಸುತ್ತ, ಪ್ರತಿ ಅನಿಶ್ಚಿತತೆಯನ್ನೂ ಹೇಳುತ್ತ ಕೂತರೆ ಕೆಲಸ ಸಾಗುವುದು ಹೇಗೆ? ತಿಳಿಯದ್ದನ್ನು ಹೇಳಿದರೆ ಜನ ಇನ್ನಷ್ಟು ಗಾಬರಿಯಾಗುವುದಿಲ್ಲವೇ? ಆರೋಗ್ಯ ಇಲಾಖೆಗಳಲ್ಲಿ ದುಡಿದವರು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ಇದೇ ದೇಶದ ಪೋಲಿಯೊ ಅನುಭವದಲ್ಲಿದೆ.

2002ರಲ್ಲಿ ಭಾರತದಲ್ಲಿ 1,600 ಪೋಲಿಯೊ ಪ್ರಕರಣಗಳು ವರದಿಯಾದವು. ಹೆಚ್ಚಿನವು ಉತ್ತರ ಪ್ರದೇಶದಲ್ಲಿ. ಅಲ್ಲಿನ ಪಶ್ಚಿಮ ಜಿಲ್ಲೆಗಳ ಎಷ್ಟೋ ಮುಸ್ಲಿಂ ಮನೆಗಳು ಹನಿ ಹಾಕಲು ಬಂದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಇದು ಮಕ್ಕಳಾಗದಂತೆ ಮಾಡುವ ಔಷಧ ಎಂಬ ಮಾತು ಹಬ್ಬಿತ್ತು. ಶುದ್ಧ ಮೌಢ್ಯ ಎನ್ನಬಹುದಿತ್ತು. ಆದರೆ ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಬಲವಂತಕ್ಕೆ ಹೆಚ್ಚು ಸಿಕ್ಕಿದ ಪ್ರದೇಶಗಳಲ್ಲಿ ಉತ್ತರ ಪ್ರದೇಶವೂ ಸೇರಿತ್ತು. ಸರ್ಕಾರದ ಜೀಪು ಊರಿಗೆ ಬಂದರೆ ಹೊಲಕ್ಕೆ ಓಡಿ ಅಡಗುತ್ತಿದ್ದವರು ಮುಂದೆ ಅಜ್ಜಂದಿರಾದರು. ಬಾಗಿಲು ಮುಚ್ಚಿದ್ದು ಆ ನೆನಪು. ವದಂತಿ ಸುಳ್ಳಾಗಿತ್ತು, ಅದಕ್ಕೆ ನೆಲೆ ಕೊಟ್ಟ ನೆನಪು ಸುಳ್ಳಾಗಿರಲಿಲ್ಲ.

ಪೋಲಿಯೊ ಕಾರ್ಯಕರ್ತರು ಕೊನೆಗೆ ಮಾಡಿದ್ದು ಬೈಯುವುದನ್ನಲ್ಲ. ಅದೇ ಮೊಹಲ್ಲಾದ ಹೆಂಗಸರನ್ನು ನೇಮಿಸಿ ಮನೆಮನೆಗೆ ಮತ್ತೆ ಮತ್ತೆ ಕಳಿಸಿದರು. ಇಮಾಮರ ಜೊತೆ ಕುಳಿತು ಮಾತಾಡಿದರು. ಜಾಮಿಯಾ ಮಿಲಿಯಾ, ಅಲೀಗಢ ವಿಶ್ವವಿದ್ಯಾಲಯಗಳವರ ನೆರವು ಪಡೆದರು. ಹನಿ ಬಿಟ್ಟು ಬೇರೇನೂ ಕೊಡದ ಸರ್ಕಾರದ ಮೇಲೆ ಜನರಿಗಿದ್ದ ಸಿಟ್ಟನ್ನು ಕೇಳಿಸಿಕೊಂಡರು. ಭಾರತದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ಬಂತು. ಅಷ್ಟು ದೊಡ್ಡ ದೇಶದಲ್ಲಿ, ಅಷ್ಟು ಆಳದ ಅನುಮಾನದ ನಡುವೆ ಇದು ಸಾಧ್ಯವಾಯಿತು. ಎಚ್‌ಪಿವಿ ವಿಷಯದಲ್ಲೂ ಸಿಕ್ಕಿಂ 2018ರಲ್ಲಿ ಶಿಕ್ಷಕರು, ಹೆತ್ತವರು, ಪತ್ರಕರ್ತರನ್ನು ಮೊದಲೇ ಕೂರಿಸಿ ಮಾತಾಡಿ ಲಸಿಕೆ ಆರಂಭಿಸಿತು. ಶೇ. 97ರಷ್ಟು ಹುಡುಗಿಯರು ಪಡೆದರು. ಲಸಿಕೆ ಅದೇ, ದೇಶ ಅದೇ. ಬದಲಾದದ್ದು ಕೇಳುವ ರೀತಿ.

ಹಾಗಾದರೆ ಜಾಗೃತಿ ಮೂಡಬೇಕಾದದ್ದು ಎಲ್ಲಿ? ಮೊದಲು ಮಂಡಳಿಗಳಲ್ಲಿ, ಇಲಾಖೆಗಳಲ್ಲಿ, ಔಷಧ ನಿಯಂತ್ರಕರ ಕಚೇರಿಯಲ್ಲಿ. ಅನುಮತಿ ಕೊಡುವ ಮೊದಲು ಅಂಕಿಅಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ಒಪ್ಪಿಗೆ ಪತ್ರ ಮನೆಯವರ ಭಾಷೆಯಲ್ಲಿ, ಮನೆಯವರ ಕೈಗೆ ಹೋಗಬೇಕು. ಬೇಡವೆಂದವರನ್ನು ಬೇಡವೆಂದೇ ಬಿಡಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಸರ್ಕಾರ ಜೊತೆಗೆ ನಿಲ್ಲಬೇಕು. ಬ್ರಿಟನ್ನಿನಲ್ಲಿ 1979ರಿಂದ, ಅಮೆರಿಕದಲ್ಲಿ 1988ರಿಂದ ಲಸಿಕೆಯಿಂದ ಹಾನಿಯಾದವರಿಗೆ ಪರಿಹಾರ ಕೊಡುವ ವ್ಯವಸ್ಥೆ ಇದೆ. ಹಾನಿ ತೀರಾ ಅಪರೂಪ ಎಂದಾದರೆ ಪರಿಹಾರದ ಖರ್ಚೂ ಕಡಿಮೆಯೇ. ಭಾರತ ಸರ್ಕಾರ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ್ದು, ಕೋವಿಡ್ ಲಸಿಕೆಯ ನಂತರ ಮಗಳನ್ನು ಕಳೆದುಕೊಂಡವರು ಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು. ಲಸಿಕೆ ಹಾಕಿಸಿಕೊಳ್ಳುವುದು ದೇಶದ ಕರ್ತವ್ಯ, ತೊಂದರೆಯಾದರೆ ಅವರವರ ಪಾಡು. ಹೀಗೆ ಹೇಳಿಸಿಕೊಂಡವರಿಂದ ನಂಬಿಕೆ ನಿರೀಕ್ಷಿಸಲು ಯಾವ ಮುಖ ಉಳಿಯುತ್ತದೆ?

ಎಲ್ಲ ಅನುಮಾನವೂ ನ್ಯಾಯವಾದದ್ದಲ್ಲ. ಭಯ ಮಾರಿ ಬದುಕುವವರಿದ್ದಾರೆ. ಎಷ್ಟು ಪುರಾವೆ ಕೊಟ್ಟರೂ ಒಪ್ಪದವರಿದ್ದಾರೆ. ಅವರೊಡನೆ ವಾದಿಸುವುದು ಬೇರೆ ಕೆಲಸ. ಆದರೆ ಮಗಳ ತೋಳು ಹಿಡಿದು ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಅಳುಕುವ ತಾಯಿ ಆ ಗುಂಪಿನವಳಲ್ಲ. ಅವಳಿಗೆ ಈ ಲಸಿಕೆ ಬೇಕು. ಅವಳ ಮಗಳಿಗೆ ಇನ್ನೂ ಹೆಚ್ಚು ಬೇಕು. ಪುಣೆಯಲ್ಲಿ, ಹೈದರಾಬಾದಿನಲ್ಲಿ, ದೆಹಲಿಯಲ್ಲಿ ಹತ್ತು ವರ್ಷದ ಮಗಳಿರುವ ಓದುಗರು ವೈದ್ಯರನ್ನು ಕಂಡು, ಕೇಳುವುದನ್ನೆಲ್ಲ ಕೇಳಿ, ಹಾಕಿಸುವುದೇ ಒಳ್ಳೆಯದು. ಕೇಳಲು ಅವರಿಗೆ ಬಾಯಿದೆ, ಉತ್ತರಿಸಲು ಅವರ ವೈದ್ಯರಿಗೆ ಸಮಯವಿದೆ. ಭದ್ರಾಚಲಂನ ತಾಯಿಗೂ ಅಷ್ಟೇ ಸಮಯ ಕೊಡಬೇಕಿತ್ತು. ಅವಳ ಹತ್ತು ನಿಮಿಷ ಉಳಿಸಲು ಹೋಗಿ ದೇಶ ಹದಿನಾಲ್ಕು ವರ್ಷ ಕಳೆದುಕೊಂಡಿತು.